17.7 ಪರ್ಸೆಂಟ್ ಚೆಂಡು, ಎರಡು ಗೋಲು: ಸ್ಪೇನ್ ಎದುರು ಜಪಾನ್ ಗೆದ್ದದ್ದು ಹೇಗೆ?

2022ರ ಡಿಸೆಂಬರ್ 1, ಕತಾರ್ ವಿಶ್ವಕಪ್. ದೋಹಾದ ಖಲೀಫಾ ಸ್ಟೇಡಿಯಂನಲ್ಲಿ ಜಪಾನ್ ಮತ್ತು ಸ್ಪೇನ್ ಗುಂಪಿನ ಕೊನೆಯ ಪಂದ್ಯ ಆಡಿದವು. ಆಟ ಶುರುವಾದಾಗ ನಮ್ಮಲ್ಲಿ ಮಧ್ಯರಾತ್ರಿ ದಾಟಿ ಹನ್ನೆರಡೂವರೆ. ನಿದ್ದೆಗೆಟ್ಟು ನೋಡಿದವರಿಗೆ ಮೋಸವಾಗಲಿಲ್ಲ. ಬೆಳಿಗ್ಗೆ ಎದ್ದು ಬರೀ ಅಂಕಿಅಂಶದ ಪಟ್ಟಿ ನೋಡಿದವರಿಗೆ ಮಾತ್ರ ತಲೆ ಕೆಟ್ಟಿರಬೇಕು.

ಸ್ಪೇನ್ ಆಡಿದ ಪಾಸ್‌ಗಳು 1,058. ಜಪಾನ್ ಆಡಿದ್ದು 228. ಚೆಂಡಿನ ಹಿಡಿತದಲ್ಲಿ ಜಪಾನ್‌ನ ಪಾಲು 17.7 ಪರ್ಸೆಂಟ್. ಫಲಿತಾಂಶ: ಜಪಾನ್ 2, ಸ್ಪೇನ್ 1.

ವಿಶ್ವಕಪ್‌ನಲ್ಲಿ ಇಂಥ ಲೆಕ್ಕ ಸಿಗುವುದು 1966ರಿಂದ. ಅಲ್ಲಿಂದ ಆ ದಿನದವರೆಗೆ ಇಷ್ಟು ಕಡಿಮೆ ಚೆಂಡು ಇಟ್ಟುಕೊಂಡು ಯಾವ ತಂಡವೂ ಪಂದ್ಯ ಗೆದ್ದಿರಲಿಲ್ಲ. ಹಾಗಂತ ಜಪಾನ್ 90 ನಿಮಿಷವೂ ಗೋಲಿನ ಮುಂದೆ ಗುಂಪುಗೂಡಿ ನಿಂತು, ಹೇಗೋ ಎರಡು ಗೋಲು ಕದ್ದುಕೊಂಡು ಹೋಯಿತು ಅಂದುಕೊಂಡರೆ ಅದೂ ಸರಿಯಲ್ಲ. ಪಂದ್ಯದ ಸರಾಸರಿ ಏನನ್ನು ಮುಚ್ಚಿಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ 17.7 ಎಂಬ ಸಂಖ್ಯೆಯಿಂದಲೇ ಶುರು ಮಾಡೋಣ.

ಗಡಿಯಾರ ಹಿಡಿದು ಅಳೆದದ್ದಲ್ಲ

‘ಪೊಸೆಷನ್’ ಅಂದರೆ ಒಂದು ತಂಡದ ಕಾಲಲ್ಲಿ ಚೆಂಡು ಇದ್ದ ಸಮಯ ಅಂತ ನಾವು ತಿಳಿಯುತ್ತೇವೆ. ಯಾರೋ ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾರೆ ಅಂದುಕೊಳ್ಳುತ್ತೇವೆ. ಸುಮ್ನೆ ಒಂದು ಲೆಕ್ಕ ಮಾಡಿ ನೋಡಿ. ಎರಡೂ ತಂಡಗಳ ಪಾಸ್ ಸೇರಿಸಿದರೆ 1,286. ಅದರಲ್ಲಿ ಜಪಾನ್‌ನ 228 ಎಷ್ಟು ಪರ್ಸೆಂಟ್? ಸರಿಯಾಗಿ 17.7.

ಅಂದರೆ ಇದು ಸಮಯದ ಲೆಕ್ಕ ಅಲ್ಲ, ಪಾಸ್‌ಗಳ ಪಾಲು. ಜಾಸ್ತಿ ಪಾಸ್ ಆಡುವವರ ಹತ್ತಿರ ಜಾಸ್ತಿ ಹೊತ್ತು ಚೆಂಡು ಇರುತ್ತದೆ ಎಂಬ ಊಹೆ ಇದರ ಹಿಂದಿದೆ. ಸಾಮಾನ್ಯವಾಗಿ ಅದು ನಿಜವೂ ಹೌದು. ಆದರೆ ಒಬ್ಬ ಆಟಗಾರ ಚೆಂಡು ಹಿಡಿದು ನಲವತ್ತು ಮೀಟರ್ ಓಡಿದರೆ ಈ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಇಬ್ಬರು ಡಿಫೆಂಡರ್‌ಗಳು ತಮ್ಮತಮ್ಮಲ್ಲೇ ಹತ್ತು ಸಲ ಚೆಂಡು ದಾಟಿಸಿಕೊಂಡರೆ ಹತ್ತು ಪಾಸ್. ಇದೇ ಕಾರಣಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಸಂಖ್ಯೆ ಕಾಣುತ್ತದೆ. ಆ ವಿಶ್ವಕಪ್‌ನಲ್ಲಿ ಫಿಫಾ ತನ್ನ ಪಟ್ಟಿಗೆ ಮೂರನೇ ಕಾಲಂ ಒಂದನ್ನು ಸೇರಿಸಿತ್ತು: ಚೆಂಡು ಯಾರ ಹಿಡಿತದಲ್ಲೂ ಇಲ್ಲದೆ ಇಬ್ಬರೂ ಕಿತ್ತಾಡುತ್ತಿದ್ದ ಸಮಯ. ಅದು ಹೆಚ್ಚು ಪ್ರಾಮಾಣಿಕ ಲೆಕ್ಕ ಅಂತ ನನಗನಿಸುತ್ತದೆ. ಆದರೂ ಟೀವಿಯವರಿಗೆ ಎರಡೇ ಸಂಖ್ಯೆ ಇಷ್ಟ.

ಇನ್ನೊಂದು ಲೆಕ್ಕ. ಆ ಪಂದ್ಯದಲ್ಲಿ ಜಪಾನ್ ಗೋಲಿನತ್ತ ಹೊಡೆದದ್ದು 6 ಸಲ. ಸ್ಪೇನ್ ಹೊಡೆದದ್ದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಗುರಿಗೆ ಹೋದದ್ದು ಜಪಾನ್‌ನದು 3, ಸ್ಪೇನ್‌ನದು 5. ಜಪಾನ್ 38 ಪಾಸ್‌ಗೆ ಒಂದು ಸಲ ಹೊಡೆಯಿತು. ಸ್ಪೇನ್‌ಗೆ ಒಂದು ಹೊಡೆತಕ್ಕೆ ಸುಮಾರು ತೊಂಬತ್ತು ಪಾಸ್ ಬೇಕಾಯಿತು. ಪಾಸ್‌ಗಳಲ್ಲಿ ಕಾಣುವ ಆಕಾಶ-ಭೂಮಿಯ ಅಂತರ ಹೊಡೆತಗಳ ಹೊತ್ತಿಗೆ ಬಹಳಷ್ಟು ಕರಗಿಹೋಗಿತ್ತು.

ಮೊದಲ 45 ನಿಮಿಷ: ತಡೆದುಕೊಂಡದ್ದು

ಜಪಾನ್ ಕೋಚ್ ಹಾಜಿಮೆ ಮೊರಿಯಾಸು ಆ ದಿನ ಹಿಂದೆ ಮೂವರು ಸೆಂಟರ್‌ಬ್ಯಾಕ್‌ಗಳನ್ನು, ಅಂದರೆ ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್‌ಗಳನ್ನು, ನಿಲ್ಲಿಸಿದ್ದರು. ಇತಾಕುರಾ, ಯೋಶಿದಾ, ತನಿಗುಚಿ. ಬಲ ಅಂಚಿನಲ್ಲಿ ಜುನ್ಯಾ ಇತೊ, ಎಡ ಅಂಚಿನಲ್ಲಿ ನಗಾತೊಮೊ. ನಡುವೆ ಮೊರಿತಾ ಮತ್ತು ಆವೊ ತನಾಕಾ. ಮುಂದೆ ಕುಬೊ, ಕಮಾದಾ, ತುದಿಯಲ್ಲಿ ದೈಜೆನ್ ಮಯೆದಾ. ಕಾಗದದ ಮೇಲೆ ಇದು 3-4-2-1. ಚೆಂಡು ಎದುರಾಳಿಯ ಹತ್ತಿರ ಇದ್ದಾಗ ಅಂಚಿನ ಇಬ್ಬರೂ ಹಿಂದೆ ಬಂದು ಐವರ ಸಾಲು ಆಗುತ್ತದೆ. ಅದರ ಮುಂದೆ ನಾಲ್ವರ ಸಾಲು. ಆಗ ಅದು 5-4-1. ಮೊದಲಾರ್ಧದಲ್ಲಿ ಚೆಂಡು ಹೆಚ್ಚುಕಡಿಮೆ ಎದುರಾಳಿಯ ಹತ್ತಿರವೇ ಇತ್ತು, ಹಾಗಾಗಿ ನಾವು ನೋಡಿದ್ದು ಎರಡನೆಯದನ್ನೇ.

ಈ ಎರಡು ಸಾಲುಗಳ ಉದ್ದೇಶ ಚೆಂಡು ಕಸಿಯುವುದಲ್ಲ. ಮೈದಾನದ ನಡುಭಾಗದ ಬಾಗಿಲು ಹಾಕುವುದು. ಸ್ಪೇನ್‌ನ ಜೀವ ಇದ್ದದ್ದು ಮಿಡ್‌ಫೀಲ್ಡರ್‌ಗಳಾದ ಪೆದ್ರಿ ಮತ್ತು ಗಾವಿಯಲ್ಲಿ. ಅವರಿಬ್ಬರಿಗೆ ಡಿಫೆಂಡರ್‌ಗಳ ಸಾಲು ಮತ್ತು ಮಿಡ್‌ಫೀಲ್ಡ್ ಸಾಲಿನ ನಡುವೆ ಚೆಂಡು ಸಿಕ್ಕಿ, ತಿರುಗಲು ಒಂದು ಕ್ಷಣ ಬಿಡುವು ಸಿಕ್ಕಿದರೆ ಮುಗಿಯಿತು. ಹಾಗಾಗಿ ಜಪಾನ್ ಆ ಸಂದನ್ನು ಚಿಕ್ಕದು ಮಾಡಿತು. ಸ್ಪೇನ್‌ಗೆ ಉಳಿದದ್ದು ಸುತ್ತು ಹಾದಿ: ಒಬ್ಬ ಸೆಂಟರ್‌ಬ್ಯಾಕ್‌ನಿಂದ ಇನ್ನೊಬ್ಬನಿಗೆ, ಅಲ್ಲಿಂದ ಅಂಚಿಗೆ, ಅಂಚಿನಿಂದ ಮತ್ತೆ ಹಿಂದಕ್ಕೆ. 1,058ರಲ್ಲಿ ದೊಡ್ಡ ಪಾಲು ಇಂಥ ಪಾಸ್‌ಗಳೇ. ನೋಡಲು ಚೆಂದ. ಗೋಲ್‌ಕೀಪರ್‌ಗೆ ಬೆವರೂ ಬರುವುದಿಲ್ಲ.

ಆದರೆ ಇದು ನೂರಕ್ಕೆ ನೂರು ನಡೆಯುವ ತಂತ್ರವಲ್ಲ. 11ನೇ ನಿಮಿಷದಲ್ಲೇ ಸ್ಪೇನ್‌ನ ಅಸ್ಪಿಲಿಕ್ವೆತಾ ಬಲಗಡೆಯಿಂದ ಚೆಂಡು ಎತ್ತಿ ಹಾಕಿದ. ಮೊರಾತಾ ತಲೆ ಕೊಟ್ಟ. 1-0. ಮೊರಾತಾ ಗುಂಪಿನ ಮೂರೂ ಪಂದ್ಯಗಳಲ್ಲಿ ಗೋಲು ಹೊಡೆದಂತಾಯಿತು. ಹಾಫ್‌ಟೈಮ್‌ಗೆ ಮುಂಚಿನ ಕೆಲವೇ ನಿಮಿಷಗಳಲ್ಲಿ ಜಪಾನ್‌ನ ಮೂವರು ಸೆಂಟರ್‌ಬ್ಯಾಕ್‌ಗಳಿಗೂ ಹಳದಿ ಕಾರ್ಡ್ ಬಿತ್ತು. ಮೂವರಲ್ಲಿ ಯಾರು ಇನ್ನೊಂದು ತಪ್ಪು ಮಾಡಿದರೂ ತಂಡ ಹತ್ತು ಜನಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಜಪಾನ್ ಗೆಲ್ಲುತ್ತದೆ ಅಂತ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹಾಫ್‌ಟೈಮ್‌ನ ಎರಡು ಬದಲಾವಣೆ

ಮೊರಿಯಾಸು ಎರಡನೇ ಅರ್ಧಕ್ಕೆ ಕುಬೊ ಬದಲು ರಿತ್ಸು ದೋವಾನ್, ನಗಾತೊಮೊ ಬದಲು ಕಾವೊರು ಮಿತೋಮಾನನ್ನು ಇಳಿಸಿದರು.

ಇಲ್ಲೊಂದು ನಿಯಮ ಗೊತ್ತಿರಬೇಕು. ಆ ವಿಶ್ವಕಪ್‌ನಲ್ಲಿ ಒಂದು ತಂಡ ಐವರನ್ನು ಬದಲಾಯಿಸಬಹುದಿತ್ತು. ಆದರೆ ಆಟ ನಿಲ್ಲಿಸಿ ಬದಲಾಯಿಸಲು ಮೂರೇ ಅವಕಾಶ. ಹಾಫ್‌ಟೈಮ್‌ನಲ್ಲಿ ಮಾಡಿದ್ದು ಆ ಮೂರರ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ವಿರಾಮದಲ್ಲಿ ಇಬ್ಬರನ್ನು ಬದಲಾಯಿಸಿದರೂ ಮೂರು ಅವಕಾಶ ಹಾಗೇ ಕೈಯಲ್ಲಿರುತ್ತವೆ. ಮೊರಿಯಾಸು ಇದನ್ನು ಆ ಟೂರ್ನಿಯಲ್ಲಿ ಅಚ್ಚುಕಟ್ಟಾಗಿ ಬಳಸಿಕೊಂಡರು. ಎಂಟು ದಿನ ಮುಂಚೆ, ಇದೇ ಸ್ಟೇಡಿಯಂನಲ್ಲಿ, ಜರ್ಮನಿ ಎದುರು 0-1 ಹಿಂದಿದ್ದಾಗಲೂ ಅವರು ವಿರಾಮದಲ್ಲಿ ಕುಬೊನನ್ನು ಕೂರಿಸಿ ಡಿಫೆಂಡರ್ ತೊಮಿಯಾಸುವನ್ನು ಇಳಿಸಿದ್ದರು. ಹಿಂದಿದ್ದ ತಂಡ ಡಿಫೆಂಡರ್‌ನನ್ನು ಇಳಿಸುವುದಾ ಅಂತ ಯಾರಿಗಾದರೂ ಅನಿಸುತ್ತದೆ. ಹಿಂದೆ ಮೂವರು ಗಟ್ಟಿಯಾಗಿ ನಿಂತರೆ ಅಂಚಿನವರು ಧೈರ್ಯವಾಗಿ ಮುಂದೆ ಹೋಗಬಹುದು ಅನ್ನುವುದು ಲೆಕ್ಕ. ಆ ದಿನ ದೋವಾನ್ ಮತ್ತು ಅಸಾನೊ, ಇಬ್ಬರೂ ಬೆಂಚಿನಿಂದ ಬಂದವರೇ, ಗೋಲು ಹೊಡೆದು 2-1ರಲ್ಲಿ ಗೆಲ್ಲಿಸಿದ್ದರು.

ಸ್ಪೇನ್ ಎದುರಿನ ಬದಲಾವಣೆಯ ಗುಟ್ಟು ಬೇರೆ. ಮಿತೋಮಾ ಅಸಲಿಗೆ ಎಡ ಅಂಚಿನ ದಾಳಿಗಾರ. ಚೆಂಡು ಹಿಡಿದು ಎದುರಾಳಿಯನ್ನು ದಾಟುವುದೇ ಅವನ ಕಸುಬು. ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದ ಆಸಾಮಿ. ಅವನನ್ನು ಅನುಭವಿ ಡಿಫೆಂಡರ್ ನಗಾತೊಮೊ ಜಾಗಕ್ಕೆ ಹಾಕುವುದು ಅಂದರೆ ಐವರ ಸಾಲಿನ ಒಂದು ತುದಿಯನ್ನೇ ದಾಳಿಗೆ ತಿರುಗಿಸಿದಂತೆ. ದೋವಾನ್ ಎಡಗಾಲಿನ ಆಟಗಾರ, ಬಲಗಡೆ ಆಡುತ್ತಾನೆ. ಒಳಕ್ಕೆ ತಿರುಗಿದರೆ ಗೋಲು ಅವನ ಒಳ್ಳೆಯ ಕಾಲಿನ ಎದುರಿಗೇ ಬರುತ್ತದೆ.

ಇದಕ್ಕಿಂತ ದೊಡ್ಡ ಬದಲಾವಣೆ ಇಡೀ ತಂಡದ ನಿಲುವಿನಲ್ಲಿತ್ತು. ಮೊದಲಾರ್ಧದಲ್ಲಿ ಸ್ಪೇನ್‌ನ ಡಿಫೆಂಡರ್‌ಗಳಿಗೆ ಚೆಂಡು ಬಿಟ್ಟುಕೊಟ್ಟು ನಿಂತಿದ್ದವರು, ಎರಡನೇ ಅರ್ಧ ಶುರುವಾದ ತಕ್ಷಣ ಅವರ ಮೇಲೇ ಮುಗಿಬಿದ್ದರು.

ಐದು ನಿಮಿಷ

ಕಬಡ್ಡಿಯಲ್ಲಿ ರೈಡರ್ ನಡುಭಾಗದಲ್ಲಿ ಓಡಾಡುವವರೆಗೂ ಡಿಫೆಂಡರ್‌ಗಳು ಕೈಕೈ ಹಿಡಿದು ಹಿಂದೆ ಸರಿಯುತ್ತಲೇ ಇರುತ್ತಾರೆ. ಅವನು ಮೂಲೆಗೆ ಹೋಗಿ ಕಾಲು ಚಾಚಿದ ಅಂದರೆ ಸಾಕು, ಆಗ ಬೀಳುತ್ತಾರೆ. ಫುಟ್‌ಬಾಲ್‌ನ ಪ್ರೆಸ್ ಕೂಡ ಹೀಗೇ. ಸುಮ್ಮನೆ ಚೆಂಡಿನ ಹಿಂದೆ ಓಡುವುದಲ್ಲ, ಎದುರಾಳಿಗೆ ತಿರುಗಲು ಜಾಗ ಇಲ್ಲದ ಹೊತ್ತು ನೋಡಿ ಎಲ್ಲರೂ ಒಟ್ಟಿಗೆ ಓಡುವುದು. ಗೋಲ್‌ಕೀಪರ್‌ಗೆ ಹಿಂದಕ್ಕೆ ಬಂದ ಪಾಸ್, ಅಂಚಿನ ಗೆರೆಗೆ ಅಂಟಿಕೊಂಡು ನಿಂತವನಿಗೆ ಬಂದ ಪಾಸ್, ಎದುರಾಳಿಯ ಗೋಲಿಗೆ ಬೆನ್ನು ಮಾಡಿ ನಿಂತವನಿಗೆ ಬಂದ ಪಾಸ್: ಇಂಥವೇ ಸೂಚನೆಗಳು.

ಸ್ಪೇನ್‌ನ ಕೋಚ್ ಲೂಯಿಸ್ ಎನ್ರಿಕೆ ಅವರ ತಂಡ ಹಿಂದಿನಿಂದಲೇ ಪಾಸ್ ಆಡಿಕೊಂಡು ಬರಬೇಕು, ಎಷ್ಟೇ ಒತ್ತಡ ಬಂದರೂ ಚೆಂಡನ್ನು ದೂರಕ್ಕೆ ಒದೆಯಬಾರದು. ಅದು ಆ ತಂಡದ ಧರ್ಮ. ಮಿಡ್‌ಫೀಲ್ಡರ್ ರೊದ್ರಿಯನ್ನು ಸೆಂಟರ್‌ಬ್ಯಾಕ್ ಆಗಿ ಆಡಿಸಿದ್ದೂ ಇದೇ ಕಾರಣಕ್ಕೆ. ಒತ್ತಡ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಬೇಟೆ ಇಲ್ಲ. ಕಮಾದಾಗೆ ಇದು ಗೊತ್ತಿದ್ದದ್ದೇ. ಅದೇ ವರ್ಷ ಏಪ್ರಿಲ್‌ನಲ್ಲಿ ಅವನ ಫ್ರಾಂಕ್‌ಫರ್ಟ್ ತಂಡ ಯುರೋಪಾ ಲೀಗ್‌ನಲ್ಲಿ ಬಾರ್ಸಿಲೋನಾವನ್ನು ಅದರ ಸ್ವಂತ ಮೈದಾನದಲ್ಲಿ 3-2ರಿಂದ ಸೋಲಿಸಿತ್ತು. ಸ್ಪೇನ್‌ನ ಆ ರಾತ್ರಿಯ ಮಿಡ್‌ಫೀಲ್ಡ್, ಅಂದರೆ ಬುಸ್ಕೆಟ್ಸ್, ಪೆದ್ರಿ, ಗಾವಿ, ಮೂವರೂ ಬಾರ್ಸಿಲೋನಾದವರು.

48ನೇ ನಿಮಿಷ. ಚೆಂಡು ಗೋಲ್‌ಕೀಪರ್ ಉನಾಯ್ ಸಿಮೋನ್ ಕಾಲಿಗೆ ಬಂತು. ಜಪಾನ್‌ನ ಮುಂದಿನವರು ಅವನ ಮೇಲೇ ಓಡಿ ಬಂದರು. ಹತ್ತಿರದವರೆಲ್ಲ ಮುಚ್ಚಿಹೋಗಿದ್ದರು. ಸಿಮೋನ್ ಎಡ ಅಂಚಿನಲ್ಲಿದ್ದ ಬಾಲ್ದೆಗೆ ಎತ್ತಿ ಹಾಕಿದ. ಎತ್ತಿದ ಚೆಂಡು ಇಳಿದು ಬರಲು ಒಂದೆರಡು ಕ್ಷಣ ಬೇಕಲ್ವಾ, ಆ ಹೊತ್ತಿಗೆ ಇತೊ ಬಾಲ್ದೆಯ ಮೈಮೇಲೆ ಬಂದಾಗಿತ್ತು. ಚೆಂಡು ಸಿಡಿದು ದೋವಾನ್ ಕಾಲಿಗೆ ಬಿತ್ತು. ಅವನು ಒಳಕ್ಕೆ ತಂದು, ಪೆನಾಲ್ಟಿ ಬಾಕ್ಸಿನ ಹೊರಗಿನಿಂದಲೇ ಎಡಗಾಲಲ್ಲಿ ಬಾರಿಸಿದ. ಸಿಮೋನ್ ಕೈಗೆ ತಗುಲಿಯೂ ಒಳಗೆ ಹೋಯಿತು. 1-1.

ಇತೊ ಇಲ್ಲಿ ಏನು ಮಾಡುತ್ತಿದ್ದ ನೋಡಿ. ಅವನು ಐವರ ಸಾಲಿನ ಬಲ ತುದಿಯವನು. ಲೆಕ್ಕದ ಪ್ರಕಾರ ಡಿಫೆಂಡರ್. ಅವನು ಎದುರಾಳಿಯ ಅರ್ಧದೊಳಕ್ಕೆ ಹೋಗಿ ಅವರ ಲೆಫ್ಟ್‌ಬ್ಯಾಕ್‌ನಿಂದ ಚೆಂಡು ಕಸಿದ. ಬೆನ್ನ ಹಿಂದೆ ಅಷ್ಟು ಜಾಗ ಖಾಲಿ ಬಿಟ್ಟು ಹೋಗುವುದು ದೊಡ್ಡ ಜೂಜು. ಚೆಂಡು ಬಾಲ್ದೆಯನ್ನು ದಾಟಿದ್ದರೆ, ಹಳದಿ ಕಾರ್ಡ್ ಇದ್ದ ಮೂವರು ಡಿಫೆಂಡರ್‌ಗಳು ಬಯಲಲ್ಲಿ ಸಿಕ್ಕಿಬೀಳುತ್ತಿದ್ದರು.

51ನೇ ನಿಮಿಷ. ಸ್ಪೇನ್ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಈಗ ದೋವಾನ್ ಬಲಗಡೆಯಿಂದ ಗೋಲಿನ ಮುಂದೆ ಹಾದುಹೋಗುವಂತೆ ನೆಲಮಟ್ಟದಲ್ಲಿ ಚೆಂಡು ಕಳಿಸಿದ. ಮಯೆದಾ ಜಾರಿ ಕಾಲು ಚಾಚಿದ, ಸಿಗಲಿಲ್ಲ. ಚೆಂಡು ಎಡ ತುದಿಯ ಗೆರೆ ದಾಟಿ ಹೋಯಿತು ಅಂತ ಎಲ್ಲರಿಗೂ ಅನಿಸಿತು. ಮಿತೋಮಾಗೆ ಅನಿಸಲಿಲ್ಲ. ಅವನು ಓಡಿ ಬಂದು ಗೆರೆಯ ಮೇಲಿಂದ ಚೆಂಡನ್ನು ಒಳಕ್ಕೆ ತಿರುಗಿಸಿದ. ಗೋಲಿನ ಮುಂದೆ ಹೆಜ್ಜೆಯಳತೆಯಲ್ಲಿದ್ದ ತನಾಕಾ ಮೈಯೊಡ್ಡಿ ಒಳಗೆ ನೂಕಿದ. 2-1. ಅಂಚಿನಲ್ಲಿ ಆಡುತ್ತಿದ್ದ ಮಿತೋಮಾ, ಮಿಡ್‌ಫೀಲ್ಡರ್ ತನಾಕಾ, ಇಬ್ಬರೂ ಎದುರಾಳಿಯ ಗೋಲಿನ ಬಾಯಲ್ಲಿದ್ದರು. ‘ಹಿಂದೆ ನಿಂತು ಆಡಿದ ತಂಡ’ ಅನ್ನುವವರು ಈ ಚಿತ್ರವನ್ನು ಒಮ್ಮೆ ನೋಡಬೇಕು.

1.88 ಮಿಲಿಮೀಟರ್

ಮೊದಲು ಗೋಲು ಕೊಡಲಿಲ್ಲ, ಚೆಂಡು ಹೊರಗೆ ಹೋಗಿತ್ತು ಅಂದರು. ಆಮೇಲೆ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಪರಿಶೀಲನೆ. ಕೊನೆಗೆ ಗೋಲು. ಆ ರಾತ್ರಿ ಓಡಾಡಿದ ಫೋಟೊಗಳಲ್ಲಿ ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗಾದರೆ ಹೇಗೆ ಒಳಗೆ?

ನಿಯಮ ಹೇಳುವುದು ಇಷ್ಟೆ: ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ಹೊರಗೆ. ನೆಲದಲ್ಲಿರಲಿ, ಗಾಳಿಯಲ್ಲಿರಲಿ. ಚೆಂಡು ಗುಂಡಗಿದೆ. ಅದರ ಅಡ್ಡಳತೆ ಸುಮಾರು 22 ಸೆಂಟಿಮೀಟರ್. ನೆಲಕ್ಕೆ ತಾಗುವುದು ಅದರ ನಟ್ಟನಡುವಿನ ಒಂದು ಬಿಂದು ಮಾತ್ರ. ಆ ಬಿಂದು ಗೆರೆಯಿಂದ ಹತ್ತು ಸೆಂಟಿಮೀಟರ್ ಆಚೆ ಇದ್ದರೂ, ಚೆಂಡಿನ ಹೊಟ್ಟೆ ಗೆರೆಯ ಮೇಲೆ ಚಾಚಿಕೊಂಡಿರಬಹುದು. ಓರೆಯಾಗಿ ತೆಗೆದ ಫೋಟೊದಲ್ಲಿ ಇದು ಕಾಣುವುದಿಲ್ಲ. ನೇರ ಮೇಲಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ವಿಎಆರ್ ಅಧಿಕಾರಿಗಳು ಗೋಲು ಗೆರೆಯ ಕ್ಯಾಮೆರಾಗಳ ಚಿತ್ರ ಬಳಸಿದರು ಅಂತ ಫಿಫಾ ಆಮೇಲೆ ವಿವರಿಸಿತು. ಗೆರೆಯ ಮೇಲೆ ಉಳಿದಿದ್ದ ಭಾಗ 1.88 ಮಿಲಿಮೀಟರ್ ಅಂತ ವರದಿಯಾಯಿತು.

ಅದೇ ಹೊತ್ತಿಗೆ ಇದೇ ಗುಂಪಿನ ಇನ್ನೊಂದು ಪಂದ್ಯ ನಡೆಯುತ್ತಿತ್ತು, ಜರ್ಮನಿ ಮತ್ತು ಕೋಸ್ಟರಿಕ ನಡುವೆ. 70ನೇ ನಿಮಿಷದಲ್ಲಿ ಕೋಸ್ಟರಿಕ 2-1 ಮುಂದೆ ಹೋದಾಗ ಸುಮಾರು ಮೂರು ನಿಮಿಷ ಸ್ಪೇನ್, ಜರ್ಮನಿ ಎರಡೂ ವಿಶ್ವಕಪ್‌ನಿಂದ ಹೊರಗಿದ್ದವು. ಕೊನೆಗೆ ಜರ್ಮನಿ 4-2 ಗೆದ್ದಿತು. ಆದರೂ ಜಪಾನ್‌ಗೆ 6 ಅಂಕ, ಸ್ಪೇನ್‌ಗೆ 4, ಜರ್ಮನಿಗೆ 4. ಗೋಲುಗಳ ಅಂತರದಲ್ಲಿ ಜರ್ಮನಿ ಮನೆಗೆ ಹೋಯಿತು. ತನಾಕಾನ ಗೋಲು ನಿಲ್ಲದೆ ಪಂದ್ಯ 1-1 ಆಗಿದ್ದರೆ ಹೋಗಬೇಕಾಗಿದ್ದದ್ದು ಜಪಾನ್.

ಪ್ರೆಸ್ ಅಳೆಯುವುದು, ಅವಕಾಶ ಅಳೆಯುವುದು

ಒತ್ತಡ ಹಾಕುವುದನ್ನು ಅಳೆಯಲು ಪಿಪಿಡಿಎ ಅಂತ ಒಂದು ಅಳತೆ ಇದೆ. ಎದುರಾಳಿ ತನ್ನ ಕಡೆಯ ಭಾಗದಲ್ಲಿ ಆಡಿದ ಪಾಸ್‌ಗಳನ್ನು, ಅದೇ ಭಾಗದಲ್ಲಿ ನಮ್ಮವರು ಮಾಡಿದ ಟ್ಯಾಕಲ್, ಚೆಂಡು ಕಸಿದದ್ದು, ಫೌಲ್ ಇವುಗಳ ಮೊತ್ತದಿಂದ ಭಾಗಿಸುವುದು. ಅಂದರೆ ನಾವು ಒಂದು ಸಲ ಕೈ ಹಾಕುವ ಮುಂಚೆ ಅವರಿಗೆ ಎಷ್ಟು ಪಾಸ್ ಆಡಲು ಬಿಟ್ಟೆವು. ಸಂಖ್ಯೆ ಕಡಿಮೆ ಇದ್ದಷ್ಟೂ ಒತ್ತಡ ಜಾಸ್ತಿ.

ಈ ಪಂದ್ಯಕ್ಕೆ ಇದನ್ನು ಹಾಕಿದರೆ ಏನಾಗುತ್ತದೆ? ಸ್ಪೇನ್ ಸಾವಿರ ದಾಟಿ ಪಾಸ್ ಆಡಿದೆ. 90 ನಿಮಿಷದ ಸರಾಸರಿಯಲ್ಲಿ ಜಪಾನ್ ಒತ್ತಡವನ್ನೇ ಹಾಕದ ಸೋಮಾರಿ ತಂಡದಂತೆ ಕಾಣುತ್ತದೆ. ಆದರೆ ಪಂದ್ಯದ ದಿಕ್ಕು ಬದಲಿಸಿದ ಗೋಲು ಬಂದದ್ದು ಒತ್ತಡದಿಂದಲೇ! ನಲವತ್ತೈದು ನಿಮಿಷ ಸುಮ್ಮನಿದ್ದು, ಐದಾರು ನಿಮಿಷ ಮೈಮೇಲೆ ಬಿದ್ದು, ಮತ್ತೆ ಹಿಂದೆ ಸರಿದ ತಂಡವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲು ಆಗುವುದಿಲ್ಲ. ಕಾಲು ಗಂಟೆಗೊಂದರಂತೆ ತುಂಡು ಮಾಡಿ ನೋಡಿದರೆ ಮಾತ್ರ ಆಟ ಕಾಣುತ್ತದೆ.

ಎರಡನೆಯದು ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು. ಸಾವಿರಾರು ಹಳೆಯ ಹೊಡೆತಗಳನ್ನು ನೋಡಿ, ಈ ಜಾಗದಿಂದ, ಈ ಕೋನದಿಂದ, ಹೀಗೆ ಬಂದ ಚೆಂಡನ್ನು ಹೊಡೆದರೆ ಎಷ್ಟು ಸಲ ಗೋಲಾಗುತ್ತದೆ ಅಂತ ಲೆಕ್ಕ ಹಾಕುವುದು. ಪೆನಾಲ್ಟಿಗೆ ಸುಮಾರು 0.76ರಿಂದ 0.79. ಅಂದರೆ ನೂರಕ್ಕೆ ಎಪ್ಪತ್ತಾರೋ ಎಪ್ಪತ್ತೊಂಬತ್ತೋ ಒಳಗೆ ಹೋಗುತ್ತವೆ. ದೋವಾನ್‌ನಂತೆ ಬಾಕ್ಸಿನ ಹೊರಗಿನಿಂದ ಹೊಡೆದದ್ದಕ್ಕೆ ಸಿಗುವುದು ತೀರಾ ಸಣ್ಣ ಸಂಖ್ಯೆ. ಅಲ್ಲಿಂದ ಹೊಡೆದ ಹೊಡೆತಗಳಲ್ಲಿ ಹೆಚ್ಚಿನವು ಗೋಲಾಗುವುದೇ ಇಲ್ಲ. ತನಾಕಾನದು ಅದಕ್ಕೆ ತದ್ವಿರುದ್ಧ. ಗೋಲಿನ ಬಾಯಲ್ಲಿ ಚೆಂಡು ಸಿಕ್ಕವನು ತಪ್ಪಿಸುವುದೇ ಕಷ್ಟ.

ಎಕ್ಸ್‌ಜಿ ಅಭಿಮಾನಿಗಳು ಹಾಗಾದರೆ ಮೊದಲನೆಯದು ಅದೃಷ್ಟ, ಎರಡನೆಯದು ಒಳ್ಳೆಯ ಆಟ ಅನ್ನಬಹುದು. ನನ್ನ ಓದು ಬೇರೆ. ಮೊದಲನೆಯದರಲ್ಲಿ ಹೊಡೆತ ಕಷ್ಟದ್ದು, ಅದರ ಹಿಂದಿನ ಕೆಲಸ ಪಕ್ಕಾ ಯೋಜನೆಯದ್ದು. ಎರಡನೆಯದರಲ್ಲಿ ಹೊಡೆತ ಸುಲಭದ್ದು, ಅದರ ಹಿಂದೆ 1.88 ಮಿಲಿಮೀಟರ್ ಅದೃಷ್ಟ. ಎಕ್ಸ್‌ಜಿಗೆ ಕಾಣುವುದು ಕೊನೆಯ ಸ್ಪರ್ಶ ಮಾತ್ರ, ಅಲ್ಲಿಗೆ ಚೆಂಡು ಬಂದ ದಾರಿ ಅಲ್ಲ.

ಉಳಿದ ನಲವತ್ತು ನಿಮಿಷ

ಮುಂದೆ ಹೋದ ತಂಡ ಹಿಂದೆ ಸರಿಯುತ್ತದೆ, ಹಿಂದಿರುವ ತಂಡ ಚೆಂಡು ಇಟ್ಟುಕೊಳ್ಳುತ್ತದೆ. ಇದು ಎಲ್ಲ ಪಂದ್ಯಗಳಲ್ಲೂ ನಡೆಯುವ ವಿಷಯ. ಅಂದರೆ ಕೆಲವೊಮ್ಮೆ ಕಡಿಮೆ ಪೊಸೆಷನ್‌ನಿಂದಾಗಿ ಗೆಲ್ಲುವುದಲ್ಲ, ಗೆಲ್ಲುತ್ತಿರುವುದರಿಂದಲೇ ಪೊಸೆಷನ್ ಕಡಿಮೆಯಾಗುತ್ತದೆ. ಬೆಂಗಳೂರಿನ ಫುಟ್‌ಬಾಲ್ ತಂಡ ಬಿಎಫ್‌ಸಿಯ ಅಭಿಮಾನಿಗಳಿಗೆ, ಚೆಂಡು ಇಟ್ಟುಕೊಳ್ಳುವುದೇ ಬೇರೆ, ಗೆಲ್ಲುವುದೇ ಬೇರೆ ಅನ್ನುವುದು ಹೊಸದಲ್ಲ. ಬಾರ್ಸಿಲೋನಾ ಶಾಲೆಯಿಂದ ಬಂದ ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್ ಅವರಂಥ ಕೋಚ್‌ಗಳ ತಂಡವನ್ನು ಕಂಠೀರವದಲ್ಲಿ ನೋಡಿದವರು ಅವರು. 2019ರ ಐಎಸ್‌ಎಲ್ ಫೈನಲ್‌ನಲ್ಲಿ ಪಾಸ್ ಆಟಕ್ಕೆ ಹೆಸರಾದ ಗೋವಾ ಎದುರು ಬಿಎಫ್‌ಸಿ ಕಪ್ ಗೆದ್ದದ್ದು ಮಾತ್ರ ಹೆಚ್ಚುವರಿ ಸಮಯದಲ್ಲಿ, ಒಂದೇ ಒಂದು ಕಾರ್ನರ್‌ಗೆ ರಾಹುಲ್ ಭೇಕೆ ಕೊಟ್ಟ ತಲೆಯಿಂದ.

ಮೊರಿಯಾಸು 62ನೇ ನಿಮಿಷದಲ್ಲಿ ದಣಿದ ಮಯೆದಾ ಬದಲು ಅಸಾನೊನನ್ನು ಇಳಿಸಿದರು. 68ನೇ ನಿಮಿಷದಲ್ಲಿ ಸ್ಪೇನ್ ಎಡ ಅಂಚಿಗೆ ಜೋರ್ದಿ ಆಲ್ಬಾ ಮತ್ತು ಅನ್ಸು ಫಾತಿಯನ್ನು ತಂದಿತು. ತಕ್ಷಣ ಜಪಾನ್ ಆ ಕಡೆಗೇ ತೊಮಿಯಾಸುವನ್ನು ತಂದು ನಿಲ್ಲಿಸಿತು. ಇತೊ ಒಂದು ಹೆಜ್ಜೆ ಮುಂದಕ್ಕೆ ಹೋದ. ಮೂಲತಃ ಸೆಂಟರ್‌ಬ್ಯಾಕ್ ಆದವನೊಬ್ಬ ಅಂಚಿನಲ್ಲಿ ನಿಂತರೆ ಐವರ ಸಾಲಿನಲ್ಲಿ ನಾಲ್ವರು ಸೆಂಟರ್‌ಬ್ಯಾಕ್‌ಗಳಿದ್ದಂತೆ. ಆ ಬಾಗಿಲೂ ಮುಚ್ಚಿತು. ಕೊನೆಗೆ ಜಪಾನ್ ಗೋಲ್‌ಕೀಪರ್ ಗೊಂಡಾ, ಸ್ಪೇನ್‌ನ ಅಸೆನ್ಸಿಯೊ ಮತ್ತು ಒಲ್ಮೊ ಹೊಡೆದದ್ದನ್ನು ಹಿಡಿದ. ಹೆಚ್ಚುವರಿ ಏಳು ನಿಮಿಷವೂ ಕಳೆಯಿತು.

ಸ್ಪೇನ್ ಇದರಿಂದ ಏನಾದರೂ ಕಲಿಯಿತಾ? ಐದು ದಿನಗಳ ಮೇಲೆ ಮೊರಾಕೊ ಎದುರು ಮತ್ತೆ ಸಾವಿರಕ್ಕೂ ಜಾಸ್ತಿ ಪಾಸ್ ಆಡಿತು. 120 ನಿಮಿಷದಲ್ಲಿ ಒಂದೂ ಗೋಲಿಲ್ಲ. ಪೆನಾಲ್ಟಿಯಲ್ಲೂ ಒಂದೂ ಹೋಗಲಿಲ್ಲ. 0-3. ಲೂಯಿಸ್ ಎನ್ರಿಕೆ ಅವರ ಕೆಲಸ ಹೋಯಿತು.

ಅದೃಷ್ಟ ಅಲ್ವಾ ಇದು?

ಈ ಪ್ರಶ್ನೆ ಕೇಳಲೇಬೇಕು. ಇದೇ ವಿಶ್ವಕಪ್‌ನಲ್ಲಿ ಜಪಾನ್‌ನ ಇನ್ನೊಂದು ಪಂದ್ಯ ಇದೆ. ನವೆಂಬರ್ 27ರಂದು ಕೋಸ್ಟರಿಕ ಎದುರು. ಸ್ಪೇನ್ ಕೈಯಲ್ಲಿ 7-0 ಸೋತು ಬಂದಿದ್ದ ತಂಡ ಅದು. ಆ ದಿನ ಚೆಂಡು ಜಪಾನ್ ಹತ್ತಿರವೇ ಜಾಸ್ತಿ ಇತ್ತು. ದೋವಾನ್ ಮೊದಲಿನಿಂದಲೇ ಆಡಿದ. ಎದುರಾಳಿ ಹಿಂದೆ ಸರಿದು ನಿಂತಿತ್ತು, ಅಂದರೆ ಜಪಾನ್ ಈಗ ಸ್ಪೇನ್‌ನ ಜಾಗದಲ್ಲಿತ್ತು. 81ನೇ ನಿಮಿಷದಲ್ಲಿ ಯೋಶಿದಾ ಚೆಂಡನ್ನು ಸರಿಯಾಗಿ ದೂರ ಮಾಡಲಿಲ್ಲ. ಕೇಶರ್ ಫುಲ್ಲರ್ ಹೊಡೆದ ಚೆಂಡು ಗೊಂಡಾ ಕೈಗೆ ತಾಗಿ ಒಳಗೆ ಹೋಯಿತು. ಆ ಟೂರ್ನಿಯಲ್ಲಿ ಕೋಸ್ಟರಿಕ ಗುರಿಗೆ ಹೊಡೆದ ಮೊದಲ ಹೊಡೆತವೇ ಅದು. ಜಪಾನ್ 0-1 ಸೋತಿತು.

ಮೂರು ಪಂದ್ಯ ಜೋಡಿಸಿ ನೋಡಿ. ಚೆಂಡು ಇಲ್ಲದ ಎರಡರಲ್ಲಿ ಗೆಲುವು, ಚೆಂಡು ಇದ್ದದ್ದರಲ್ಲಿ ಸೋಲು. ಇದರಿಂದ ‘ಚೆಂಡು ಬಿಟ್ಟುಕೊಟ್ಟರೆ ಗೆಲ್ಲಬಹುದು’ ಅನ್ನುವ ಸೂತ್ರ ಮಾಡುವವರು ಇದ್ದಾರೆ. ಮೂರು ಪಂದ್ಯದಿಂದ ಯಾವ ಸೂತ್ರವೂ ಹುಟ್ಟುವುದಿಲ್ಲ. ಜರ್ಮನಿ ಎದುರಿನ ಗೆಲುವಿನಲ್ಲಿ ಅದೃಷ್ಟದ ಪಾಲು ಸ್ಪೇನ್ ಎದುರಿಗಿಂತ ಜಾಸ್ತಿಯೇ ಇತ್ತು. ಆ ದಿನ ಜರ್ಮನಿ ಹೊಡೆದ ಹೊಡೆತಗಳು ಜಪಾನ್‌ನದರ ಎರಡು ಪಟ್ಟಿಗೂ ಮಿಕ್ಕಿದ್ದವು. 70ನೇ ನಿಮಿಷದ ಸುಮಾರಿಗೆ ಗೊಂಡಾ ಒಂದರ ಮೇಲೊಂದು ಬಂದ ಚೆಂಡುಗಳನ್ನು ತಡೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಸುತ್ತಿನಲ್ಲಿ ಕ್ರೊವೇಷಿಯಾ ಎದುರು ಜಪಾನ್ ಮೊದಲು ಗೋಲು ಹೊಡೆದೂ, 1-1 ಆಗಿ, ಪೆನಾಲ್ಟಿಯಲ್ಲಿ ಸೋತಿತು. ಮೂರು ಪೆನಾಲ್ಟಿಗಳನ್ನು ಕ್ರೊವೇಷಿಯಾ ಗೋಲ್‌ಕೀಪರ್ ಲಿವಾಕೊವಿಚ್ ತಡೆದ. ಅದರಲ್ಲಿ ಒಂದು ಮಿತೋಮಾನದು.

ಹಾಗಾದರೆ ಅದೃಷ್ಟದ ಪರೀಕ್ಷೆ ಹೇಗೆ? ಅದೇ ಎದುರಾಳಿ ಜೊತೆ ಮತ್ತೊಮ್ಮೆ ಆಡಿ ನೋಡಬೇಕು. 2023ರ ಸೆಪ್ಟೆಂಬರ್ 9ರಂದು ಆ ಅವಕಾಶ ಬಂತು. ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ, ಜರ್ಮನ್ ಅಭಿಮಾನಿಗಳ ಮುಂದೆ, ಜಪಾನ್ ಮತ್ತು ಜರ್ಮನಿ ನಡುವೆ ಸೌಹಾರ್ದ ಪಂದ್ಯ. ಬಲ ಅಂಚಿನಲ್ಲಿ ಅದೇ ಇತೊ 11ನೇ ನಿಮಿಷದಲ್ಲೇ ಗೋಲು ಹೊಡೆದ. ಜರ್ಮನಿಯ ಸಾನೆ ಸಮ ಮಾಡಿದ. ಮೂರೇ ನಿಮಿಷದಲ್ಲಿ ಉಯೆದಾ ಜಪಾನ್‌ನ್ನು ಮತ್ತೆ ಮುಂದೆ ತಂದ. ಕೊನೆಯಲ್ಲಿ, ಬೆಂಚಿನಿಂದ ಬಂದ ಅಸಾನೊ ಮತ್ತು ತನಾಕಾ ಇನ್ನೆರಡು ಸೇರಿಸಿದರು. ಜಪಾನ್ 4, ಜರ್ಮನಿ 1. ಮರುದಿನವೇ ಜರ್ಮನಿಯ ಕೋಚ್ ಹಾನ್ಸಿ ಫ್ಲಿಕ್ ಅವರನ್ನು ತೆಗೆದುಹಾಕಲಾಯಿತು. 1926ರಲ್ಲಿ ಆ ಹುದ್ದೆ ಶುರುವಾದಾಗಿನಿಂದ ಹಾಗೆ ಕೆಲಸ ಕಳೆದುಕೊಂಡ ಮೊದಲ ಕೋಚ್ ಅವರು.